ನಿನ್ನ ಕೋಣೆಯಲ್ಲಿ ಮಲಗಿರುವ ಏರ್‌ಗನ್ನು

ಹಂಗಳ
ಕಾರ್ತಿಕ ಮಾಸ, ೧೯೯೭

ಇನ್ನೂ ಮುಖ ತೋರದ ನನ್ನ ಕಂದನಿಗೆ, ನಿನ್ನ ತಾತ ಮರಿಮಲ್ಲಪ್ಪ ಬರೆಯುವುದು.

ನೀನು ಹೆಣ್ಣೋ ಗಂಡೋ ಗೊತ್ತಿಲ್ಲ. ನಿನ್ನಮ್ಮ ಮೀನಾ ಚೊಚ್ಚಲ ಹೆರಿಗೆಗೆಂದು ನಾಳೆ ಉಮ್ಮತ್ತೂರಿನಿಂದ ಹೊರಡುತ್ತಾಳೆ ಎಂಬುದಷ್ಟೇ ಗೊತ್ತು. ಚಾಮರಾಜನಗರದಲ್ಲಿ ಬಸ್ಸು ಬದಲಿಸಿ ಗುಂಡ್ಲುಪೇಟೆಗೆ, ಅಲ್ಲಿಂದ ನಮ್ಮೂರಿಗೆ. ಮಗಳು ತವರಿಗೆ ಬರುವ ಹಿಂದಿನ ದಿನ ಅಪ್ಪನಾದವನ ಮುಖ ಅರಳಿರಬೇಕು. ನನ್ನದು ಅರಳಿಲ್ಲ. ನಿಮ್ಮಿಬ್ಬರಿಗೆಂದು ಸುಣ್ಣ ಬಳಿಸಿದ ಕೋಣೆಯಲ್ಲಿ ಗುಂಡು ತುಂಬಿದ ಏರ್‌ಗನ್ನೊಂದು ಮಲಗಿದೆ. ಅದನ್ನು ಹಾರಿಸಲೂ ಆಗದು, ಬಿಚ್ಚಲೂ ಆಗದು.

ನಿನ್ನ ತಾತ ಬೇಟೆಗಾರನೆಂದು ಹೆದರಬೇಡ. ನಮ್ಮ ಸೂರ್ಯಕಾಂತಿ ಹೊಲಕ್ಕೆ ಕಾಡಂಚಿನಿಂದ ಗಿಳಿಗಳು ಇಳಿಯುತ್ತವೆ. ಹೊಲದ ನಡುವೆ ತಗಡೊಂದನ್ನು ತೂಗುಹಾಕಿದ್ದೇನೆ. ಅದಕ್ಕೆ ಗುಂಡು ಬಿದ್ದು ಠಣ್ಣೆಂದರೆ ಸಾಕು, ಹಿಂಡು ಎದ್ದುಹೋಗುತ್ತದೆ. ಊರ ಮಕ್ಕಳಿಗೆ ನಾನು ಹೇಳುವ ಕಥೆಗಳಲ್ಲಿ ರಾಕ್ಷಸನ ಜೀವ ಗಿಳಿಯೊಳಗಿರುತ್ತದೆ. ಅಂಥದ್ದಕ್ಕೆ ಗುರಿಯಿಡಲು ನನ್ನ ಕೈ ಬಂದೀತೇ?

ಈ ಏರ್‌ಗನ್ನಿನ ದೊಡ್ಡಸ್ತಿಕೆಯೆಂದರೆ ಅದರ ಸೇಫ್ಟಿ. ನಳಿಗೆ ಬಗ್ಗಿಸಿ ಸ್ಪ್ರಿಂಗ್ ಬಿಗಿದೊಡನೆ ಸೇಫ್ಟಿಯ ಚಿಲಕ ತಾನಾಗಿಯೇ ಬೀಳುತ್ತದೆ. ಹೆಬ್ಬೆರಳಲ್ಲಿ ಅದನ್ನು ಮುಂದಕ್ಕೆ ತಳ್ಳುವವರೆಗೂ ಗುಂಡು ಹಾರದು. "ಮನೇಲಿ ಮಕ್ಕಳಿದ್ರೂ ಭಯ ಇಲ್ಲ ಯಜಮಾನ್ರೇ" ಎಂದಿದ್ದ ಮೈಸೂರಿನ ಅಂಗಡಿಯವನು. ಆ ಮಾತಿಗೇ ನಾನು ಸೋತದ್ದು.

ದೀಪಾವಳಿ ಕಳೆದ ಮೇಲೆ ಒಂದು ಬೆಳಿಗ್ಗೆ ಗಿಳಿ ಕಂಡು ನಳಿಗೆ ಬಗ್ಗಿಸಿದೆ. ಗುಂಡಿಟ್ಟೆ. ಚಿಲಕ ಬಿತ್ತು. ತಳ್ಳಿದರೆ ಕದಲಲಿಲ್ಲ. ಒತ್ತಿದಷ್ಟೂ ಒಳಗೆಲ್ಲೋ ಕರಕರ ಎಂದಿತು. ಅಲ್ಲಿಗೇ ಬಿಟ್ಟೆ. ಮಗುವನ್ನು ಎತ್ತಿಕೊಂಡಂತೆ ತಂದು, ಎದುರಿಗೆ ಸಿಕ್ಕ ಕೋಣೆಯಲ್ಲಿ ರಾಗಿಮೂಟೆಗಳ ಮೇಲೆ ಗೋಡೆಗೆ ಮೂತಿ ಮಾಡಿ ಮಲಗಿಸಿದೆ. ನಿನ್ನಜ್ಜಿ ಶಿವರುದ್ರಮ್ಮ ಬಾಗಿಲೆಳೆದುಕೊಂಡಳು. "ಇನ್ನು ಅದ್ನ ಯಾರೂ ಅಲುಗಿಸ್ಕೂಡದು" ಎಂದಳು. ಅಂದಿನಿಂದ ಆ ಕೋಣೆಯ ಮುಂದೆ ನಾವು ಬೆಕ್ಕಿನ ಹಾಗೆ ನಡೆಯುತ್ತಿದ್ದೇವೆ. ರಾತ್ರಿ ಇಲಿ ಓಡಿದರೂ ಎದ್ದು ಕೂರುತ್ತೇವೆ. ಇಲಿಯ ಬಾಲ ತಾಗಿ ಸ್ಪ್ರಿಂಗ್ ಬಿಟ್ಟುಕೊಂಡರೆ?

ಕಂಪನಿಗೆ ಕಾಗದ ಬರೆದೆ. ಉತ್ತರ ಭಾರತದವರ ಕಂಪನಿ, ಬಹಳ ದಿನಕ್ಕೆ ಇಂಗ್ಲಿಷಿನಲ್ಲಿ ಅಚ್ಚಾದ ಉತ್ತರ ಬಂತು. ಊರ ಶಾಲೆಯ ಮೇಷ್ಟ್ರು ಓದಿ ಹೇಳಿದರು: ಮಾಲನ್ನು ಅದರದೇ ಡಬ್ಬದಲ್ಲಿಟ್ಟು ವಾಪಸು ಕಳಿಸಬೇಕಂತೆ. ಆ ಡಬ್ಬದಲ್ಲಿ ನಮ್ಮ ಕೋಳಿ ಕಾವಿಗೆ ಕೂತಿದೆ. ಅದನ್ನು ಎಬ್ಬಿಸಬಹುದು, ಏರ್‌ಗನ್ನನ್ನು ಎಬ್ಬಿಸುವುದು ಹೇಗೆ? ಅಂಚೆಯವರು ಆಗದೆಂದು ಕೈಮುಗಿದರು. ಕಾಡುಗಳ್ಳನನ್ನು ಹುಡುಕುವ ಪೊಲೀಸರು ಬಸ್ಸು ನಿಲ್ಲಿಸಿ ಚೀಲ ಬಿಚ್ಚಿಸುವ ಕಾಲವಿದು. ಕಂಡಕ್ಟರ್ ಮಾದೇಶನನ್ನು ಕೇಳಿದರೆ, "ತುಂಬಿದ್ ಕೋವಿ ತಕಂಡು ಬಸ್ ಅತ್ತೀಯಾ ಮಲ್ಲಪ್ಪಣ್ಣ? ಇಬ್ರಿಗೂ ಟೇಸನ್ನಲ್ಲೇ ಊಟ ಕಣ" ಎಂದ.

ಇವತ್ತು ಬೇರೆ ದಾರಿ ಕಾಣದೆ ಗುಂಡ್ಲುಪೇಟೆಗೆ ಹೋದೆ. ಬಸ್ ನಿಲ್ದಾಣದ ಹತ್ತಿರ ಎಸ್‌ಟಿಡಿ ಬೂತ್ ಇಟ್ಟಿರುವ ಜಿಯಾವುಲ್ಲಾ ನನ್ನ ಹಳೆಯ ಗೆಳೆಯ. ಮನೆಮಾತು ಉರ್ದು; ಕಂಪನಿಯವರ ಹಿಂದಿ ಅವನಿಗೆ ಸಲೀಸು. ಕಾಗದದ ಮೇಲಿದ್ದ ನಂಬರಿಗೆ ಮಾಡಿ ಕಥೆಯೆಲ್ಲ ಹೇಳಿದ. ಆಮೇಲೆ ರಿಸೀವರ್ ಮುಚ್ಚಿಕೊಂಡು ನನ್ನ ಕಡೆ ತಿರುಗಿದ.

"ಚಿಲಕದ ಸಂದೀಲಿ ಏನಾರ ಅಂಟ್ಕಂಡದಾ ಅಂತಾವ್ನೆ ಮಲ್ಲಪ್ಪಣ್ಣ."

"ಬೆಳ್ಳಗೆ ಏನೋ ಅದೆ."

"ತುಕ್ಕಾ?"

"ತುಕ್ಕು ಬೆಳ್ಳಗಿರ್ತದೇನಯ್ಯಾ?" ಎನ್ನುವಾಗಲೇ ನನಗೆ ಹೊಳೆಯಿತು. ಆಯುಧಪೂಜೆಯ ದಿನ ನೇಗಿಲು, ಕುಡುಗೋಲು, ಸೈಕಲ್ಲಿನ ಜೊತೆ ಇದನ್ನೂ ಇಟ್ಟಿದ್ದೆವು. ನಿನ್ನಜ್ಜಿ ಎಲ್ಲಕ್ಕೂ ಬಳಿದಂತೆ ಇದಕ್ಕೂ ಮೂರು ಬೆರಳಲ್ಲಿ ನೀರು ವಿಭೂತಿ ಎಳೆದಿದ್ದಳು, ಸರಿಯಾಗಿ ಚಿಲಕದ ಮೇಲೆ. ಒಣಗಿದ ವಿಭೂತಿ ಗಾರೆಯ ಹಾಗೆ ಕಚ್ಚಿಕೊಂಡಿದೆ.

"ಯೀಬೂತಿ ಕಣಯ್ಯಾ."

"ಅದ್ನ ಇಂದೀಲಿ ಏನಂತ ಏಳನ? ಬೂದಿ ಅಂತೀನಿ ಬುಡು." ಹೇಳಿದ. ಕೇಳಿಸಿಕೊಂಡ. "ಬೂದಿ ಯಾಕಾಕಿದ್ರಿ ಅಂತಾವ್ನೆ. ಪೂಜೆಗೆ ಅಂದೆ. ಮೇಲಿನವರನ್ನ ಕೇಳಕ್ಕೋದ."

ಆ ಮೇಲಿನವರು ಬರುವವರೆಗೆ ನಾನು ಗಾಜಿನ ಗೂಡಿನಲ್ಲಿ ನಿಂತು ಏಳು ಸಮುದ್ರ ದಾಟಿಬಂದೆ. ಕೊನೆಗೆ ಜಿಯಾವುಲ್ಲಾ ಒಂದೊಂದಾಗಿ ಬಿಡಿಸಿ ಹೇಳಿದ. ಮೂತಿಯೆದುರು ಮರಳಿನ ಮೂಟೆ ಇಡಬೇಕು. ಸಂದಿಗೆ ಹೊಲಿಗೆ ಮಿಷನ್ ಎಣ್ಣೆ ಬಿಟ್ಟು ರಾತ್ರಿಯೆಲ್ಲ ನೆನೆಯಲು ಬಿಡಬೇಕು. ಸುತ್ತಿಗೆ ಮುಟ್ಟಬಾರದು. ಬೆಳಿಗ್ಗೆ ಹೆಬ್ಬೆರಳಲ್ಲಿ ತಳ್ಳಿ, ಚಿಲಕ ಬಿಟ್ಟುಕೊಂಡರೆ ಗುಂಡನ್ನು ಮರಳಿಗೇ ಹೊಡೆಯಬೇಕು. ಆ ಹೊತ್ತಿನಲ್ಲಿ ಮನೆಯಲ್ಲಿ ಬೇರೆ ಯಾರೂ ಇರಕೂಡದು. "ಬೂದಿಗೆ ಗ್ಯಾರಂಟಿ ಇಲ್ವಂತೆ" ಎಂದೂ ಸೇರಿಸಿದ. ಆಮೇಲೆ ದನಿ ತಗ್ಗಿಸಿ, "ಮೀನಮ್ಮನ್ನ ಬಸ್ಸಿಂದ ನಮ್ಮನೇಗೇ ಇಳಿಸ್ಕತೀನಿ. ನಮ್ಮನೆಯೋಳು ಅಜೀಜಾ ಎಳನೀರು, ಬಾಳೆಅಣ್ಣು ಕೊಟ್ಟು ಕೂರಿಸ್ಕತಾಳೆ. ನೀ ಏಳ್ಕಳ್ಸೋಗಂಟ ಕಳ್ಸಕಿಲ್ಲ" ಎಂದ.

ಸಂಜೆ ಮರಳಿನ ಮೂಟೆ ಇಟ್ಟು, ಎಣ್ಣೆ ಬಿಟ್ಟು ಬಂದು ಇದನ್ನು ಬರೆಯುತ್ತಿದ್ದೇನೆ. ಕಥೆಗಳಲ್ಲಿ ಎಷ್ಟೋ ರಾಜಕುಮಾರರನ್ನು ಹುಲಿಯ ಗುಹೆಗೆ ನಗುನಗುತ್ತಾ ನುಗ್ಗಿಸಿದವನು ನಾನು. ಅವರಿಗೂ ಹೀಗೆ ಭಯವಾಗಿತ್ತೇನೋ, ನಾನು ಒಮ್ಮೆಯೂ ಕೇಳಲಿಲ್ಲ.

ಕಂದಾ, ಇಲ್ಲಿಂದ ಮುಂದಿನದು ಮಾರನೆಯ ದಿನ ಬರೆದದ್ದು.

ನಿನ್ನಜ್ಜಿಗೆ ಆಚೆ ಹೋಗೆಂದೆ. ಹೋಗಲಿಲ್ಲ. "ಬಳ್ದೋಳು ನಾನು, ನೀವೊಬ್ರೇ ಯಾಕೆ ಒಳಕ್ಕೋದೀರಿ" ಎಂದು ಬೆನ್ನ ಹಿಂದೆ ನನ್ನ ಅಂಗಿಯ ಚುಂಗು ಹಿಡಿದು ನಿಂತಳು. ಹೆಬ್ಬೆರಳಿಟ್ಟು ತಳ್ಳಿದೆ. ಕದಲಲಿಲ್ಲ. ಇನ್ನಷ್ಟು ಎಣ್ಣೆ ಬಿಟ್ಟು, ಉಸಿರು ಹಿಡಿದು ಮತ್ತೆ ತಳ್ಳಿದೆ. ಮೊದಲು ಬಿಳಿಯ ಕೆಸರು ಜಿನುಗಿತು, ಆಮೇಲೆ ಚಿಲಕ ನಿಧಾನವಾಗಿ ಮುಂದೆ ಸರಿಯಿತು. ಟ್ರಿಗರ್ ಒತ್ತಿದೆ.

ಟಪ್.

ಅಷ್ಟೇ. ಬಿಸಿಲಿಗೆ ಹರಳಿನ ಕಾಯಿ ಒಡೆದಷ್ಟು ಸದ್ದು. ಮೂಟೆಯಿಂದ ಒಂದು ಎಳೆ ಮರಳು ಸುರಿಯತೊಡಗಿತು, ನಾನು ಅದನ್ನೇ ನೋಡುತ್ತಾ ಕುಕ್ಕರಿಸಿದೆ.

ತಿರುಗಿದರೆ ನಿನ್ನಜ್ಜಿ ಇಲ್ಲ. ದೇವರಗೂಡಿನ ಕಡೆಯಿಂದ ಬರುತ್ತಿದ್ದಾಳೆ, ಮೂರು ಬೆರಳ ತುಂಬ ನೀರು ವಿಭೂತಿ. ನನ್ನ ಜೀವ ಹಾರಿತು. ಎದ್ದು ಏರ್‌ಗನ್ನಿಗೆ ಅಡ್ಡ ನಿಂತೆ.

"ಅದಕ್ಕಲ್ಲ. ನಿಮ್ಗೆ. ಸುಮ್ಕೆ ನಿಂತ್ಕಳಿ" ಎಂದು ನನ್ನ ಹಣೆಗೆ ಅಡ್ಡಲಾಗಿ ಎಳೆದಳು.

ಗುಂಡ್ಲುಪೇಟೆಗೆ ಹೇಳಿಕಳಿಸಿದ್ದೇನೆ. ಏರ್‌ಗನ್ನು ಬರಿದಾಗಿ ಅಟ್ಟ ಸೇರಿದೆ. ಕೋಣೆ ತೊಳೆದಿದ್ದೇವೆ, ನೆಲ ಆರುತ್ತಿದೆ. ಹಣೆಯ ವಿಭೂತಿ ಒಣಗಿ ಬಿಗಿಯುತ್ತಿದೆ. ನಿನ್ನಮ್ಮ ಬಸ್ಸಿಳಿಯುವವರೆಗೂ ನಾನು ಒರೆಸುವುದಿಲ್ಲ.

ಬಾ ಕಂದಾ. ಈ ಕೋಣೆಯಲ್ಲಿ ಇನ್ನು ಕೇಳುವ ಅತಿ ದೊಡ್ಡ ಸದ್ದು ನಿನ್ನ ಅಳುವೇ ಆಗಲಿ.

ರಸ್ತೆ ನೋಡುತ್ತಾ ಜಗಲಿಯಲ್ಲಿ ಕೂತಿರುವ
ನಿನ್ನ ತಾತ
ಮರಿಮಲ್ಲಪ್ಪ