ಮೆಟ್ಟು ತೊಗೊಳ್ಳಿ

ಜುಲೈ 2, ಬುಧವಾರ

ಇವತ್ತೂ ಅದೇ ಕರ್ಮ. ಲ್ಯಾಬಿನಲ್ಲಿ ಫ್ಯಾನ್ ತಿರುಗುವುದಿಲ್ಲ, ಬೋರ್ಡಿನ ಮೇಲೆ ಮಾತ್ರ ಪ್ರೋಗ್ರಾಂ ಇದೆ. ಗವಿಸಿದ್ದೇಶ್ ಬರೆದು ಹೋಗಿದ್ದಾರೆ. ಬರೆದು ಅಂದರೆ ಗೈಡ್ ನೋಡಿ ಇಳಿಸಿ. ಹುಡುಗರು ಅದನ್ನು ನೋಟ್‌ಬುಕ್ಕಿಗೆ ಇಳಿಸುತ್ತಾರೆ, ಅಲ್ಲಿಂದ ಕಂಪ್ಯೂಟರಿಗೆ. ಈ ಸೆಮಿಕೋಲನ್ ಯಾಕೆ ಅಂದರೆ "ಸರ್ ಹಾಕ್ಯಾರ್ರಿ" ಅನ್ನುತ್ತಾರೆ. ಇದಕ್ಕೆ ಪಾಠ ಅಂತ ಹೆಸರು ಬೇರೆ.

ಈ ಗವಿಸಿದ್ದೇಶ್ ನಮ್ಮ ಡಿಪಾರ್ಟ್‌ಮೆಂಟಿನ ಪರ್ಮನೆಂಟ್ ಮನುಷ್ಯ. ಬಾದನಹಟ್ಟಿಯಿಂದ ಬೈಕಿನಲ್ಲಿ ಬರುತ್ತಾರೆ, ಟೀ ಕುಡಿಯುತ್ತಾರೆ, ಎಲ್ಲರಿಗೂ ಗುಲಾಬಿ ಹೂವಿನ ಗುಡ್ ಮಾರ್ನಿಂಗ್ ಕಳಿಸುತ್ತಾರೆ. ನಾನು ಗೆಸ್ಟ್ ಲೆಕ್ಚರರ್. ವರ್ಷವರ್ಷ ಹೊಸ ಆರ್ಡರ್ ಬಂದರೆ ಇದ್ದೇನೆ, ಇಲ್ಲವಾದರೆ ಇಲ್ಲ. ಗೆಸ್ಟ್ ಅಂತೆ... ಕೂರಿ ಅನ್ನುವವರೂ ಇಲ್ಲ.

ಮನೆಗೆ ಬಂದು ನನ್ನ ಕೆಲಸಕ್ಕೆ ಕೂತೆ. ಬೇಸಿಗೆ ರಜೆಯನ್ನೆಲ್ಲ ತಿಂದ ಕೆಲಸ, ಪ್ರೋಗ್ರಾಂ ಬರೆಯಲು ಕಲಿಸುವ ಸಾಫ್ಟ್‌ವೇರ್. ಕಪ್ಪು ಪರದೆ, ಮೌಸ್ ಬೇಡ, ಕಮಾಂಡ್ ಟೈಪ್ ಮಾಡಿದರೆ ಆಯಿತು. ನಾನು ಪ್ರೋಗ್ರಾಂ ಬರೆಯುತ್ತಾ ಹೋಗುತ್ತೇನೆ. ಪ್ರತಿ ಸಣ್ಣ ಬದಲಾವಣೆಗೂ ನಿಂತು, "ಮೆಟ್ಟು" ಅಂತ ಕಮಾಂಡ್ ಕೊಟ್ಟು, ಯಾಕೆ ಬದಲಿಸಿದೆ ಅಂತ ಒಂದು ಸಾಲು ಬರೆಯುತ್ತೇನೆ. ಕೊನೆಗೆ ಸಾಫ್ಟ್‌ವೇರೇ ಎಲ್ಲವನ್ನೂ ಪೋಣಿಸಿ ಪಾಠ ಮಾಡಿಕೊಡುತ್ತದೆ — ಮೊದಲು ಇದು, ಆಮೇಲೆ ಇದು. ಕಲಿಯುವವರು ಹಾಗೇ ಟೈಪ್ ಮಾಡುತ್ತಾ ಮೇಲೆ ಹತ್ತಬೇಕು. ತಪ್ಪಿದರೆ ಹೆಸರು ಹಿಡಿದು ಹೇಳುತ್ತದೆ, ಮುಂದೆ ಬಿಡುವುದಿಲ್ಲ. ಎಲ್ಲ ಕನ್ನಡದಲ್ಲಿ.

ಅದರ ಹೆಸರೂ ಮೆಟ್ಟು, ಆದವಾನಿ ಅಜ್ಜಿಯ ಬಾಯಿಂದ ಬಂದದ್ದು. "ಮೆಟ್ಟು ನೋಡಿ ಇಳಿ" ಅನ್ನುತ್ತಿದ್ದಳು. ತೆಲುಗಿನಲ್ಲಿ ಮೆಟ್ಟು ಅಂದರೆ ಮೆಟ್ಟಿಲು. ಪಾಠದ ಒಂದೊಂದು ಹಂತವೂ ಒಂದು ಮೆಟ್ಟು. ಚಿಕ್ಕ ಪದ, ಟೈಪ್ ಮಾಡಲು ಸುಲಭ.

ಜುಲೈ 5, ಶನಿವಾರ

ಪ್ರಿನ್ಸಿಪಾಲ್ ರಘೋತ್ತಮ ಅವರು ಚೇಂಬರಿಗೆ ಕರೆದರು. ಕುರುಗೋಡಿನ ನಮ್ಮ ಕಾಲೇಜಿನಲ್ಲಿ ಹೊಸ ಕಂಪ್ಯೂಟರ್ ಲ್ಯಾಬ್, 24ಕ್ಕೆ ಉದ್ಘಾಟನೆ. ಮ್ಯಾನೇಜ್‌ಮೆಂಟಿನ ಅಧ್ಯಕ್ಷ ದೊಡ್ಡಬಸಪ್ಪನವರು ಬರುತ್ತಾರೆ — ಸಿರುಗುಪ್ಪದಲ್ಲಿ ಅಕ್ಕಿ ಮಿಲ್ ಇಟ್ಟವರು. ಅವತ್ತು ನನ್ನ ಸಾಫ್ಟ್‌ವೇರ್ ತೋರಿಸಬೇಕು. ಅವರು ಒಪ್ಪಿದರೆ ಬಳ್ಳಾರಿ, ಸಿರುಗುಪ್ಪ, ಕುರುಗೋಡು, ಮ್ಯಾನೇಜ್‌ಮೆಂಟಿನ ಮೂರೂ ಕಾಲೇಜಿನಲ್ಲಿ ಅದರಿಂದಲೇ ಕಲಿಸುವುದು, ಕಲಿಸಲು ಒಂದು ಪರ್ಮನೆಂಟ್ ಪೋಸ್ಟ್. ಒಪ್ಪದಿದ್ದರೆ ಹೈದರಾಬಾದಿನ ಯಾರೋ ಮಾರುವ ವಿಡಿಯೋ ಪಾಠ ಕೊಳ್ಳುತ್ತಾರೆ. ಆಗ ಗೆಸ್ಟ್‌ಗಳು ಬೇಕಿಲ್ಲ.

"ನೀ ನಮ್ಮಾಕಿ ಅಂತ ಹೇಳೀನಿ" ಅಂದರು, ದನಿ ಇಳಿಸಿ. ಹೋದ ವರ್ಷ ಆರ್ಡರ್ ತಡವಾದಾಗ ಈ ನಮ್ಮಾಕಿ ಇವರ ಬಾಗಿಲಲ್ಲಿ ನಿಂತು ನಿಂತು ಸಾಕಾಗಿದ್ದಳು.

ಅಮ್ಮನಿಗೆ ಹೇಳಬಾರದಿತ್ತು. ನಮ್ಮ ಸತ್ಯನಾರಾಯಣಪೇಟೆಗೆಲ್ಲ ಆಗಲೇ ಗೊತ್ತಾಗಿದೆ. ಗಿರಿಜಾಬಾಯಿಯ ಮಗಳು ಪರ್ಮನೆಂಟ್!

ಜುಲೈ 11, ಶುಕ್ರವಾರ

ಗವಿಸಿದ್ದೇಶ್ ಬೆನ್ನ ಹಿಂದೆ ಬಂದು ನಿಂತು ಪರದೆ ಓದಿದರು. ಬಂದರು ನೋಡಿ ದೊಡ್ಡ ಪಂಡಿತರು. ಎಲ್ಲೆಲ್ಲಿ ಏನೇನು ಇದೆ ಅಂತ ಒಂದೊಂದು ಫೈಲೂ ತೆಗೆಸಿ ನೋಡಿದರು. ಚೆನ್ನಾಗಿದೆ ಅಂದರು. ಆಮೇಲೆ ನಕ್ಕರು.

"ಮೇಡಂ, ನಮ್ಮ ಕಡಿ ಮೆಟ್ಟು ಅಂದ್ರ ಕಾಲಾಗಿಂದು. ಚಪ್ಪಲಿ. ಹೆಸರು ಬದಲಿ ಮಾಡ್ರಿ."

ಮೊಬೈಲಿನಲ್ಲಿ ನಿಘಂಟು ತೆಗೆದು ತೋರಿಸಿದೆ. ಮೆಟ್ಟಿಲು, ಪಾದರಕ್ಷೆ, ಎರಡೂ ಅರ್ಥ ಇವೆ. ನಿಘಂಟು ಕುರುಗೋಡಿನ ಫಂಕ್ಷನ್ನಿಗೆ ಬರುವುದಿಲ್ಲ ಅಂದರು. ಆಹಾ! ಜೀವಮಾನದಲ್ಲಿ ಒಂದು ಪ್ರೋಗ್ರಾಂ ಸ್ವಂತ ಬುದ್ಧಿಯಿಂದ ಬರೆಯದವರು ನನಗೆ ಹೆಸರಿಡುವುದು ಕಲಿಸುತ್ತಾರೆ. ಶುದ್ಧ ಹೊಟ್ಟೆಕಿಚ್ಚು. ಚಪ್ಪಲಿ ಕೇಳಿಸುವ ಕಿವಿಗೆ ಚಪ್ಪಲಿಯೇ ಕೇಳಿಸಲಿ, ನಾನೇನು ಮಾಡಲಿ.

ಬದಲಿಸುವುದಿಲ್ಲ.

ಜುಲೈ 14, ಸೋಮವಾರ

ಸೆಕೆಂಡ್ ಇಯರ್ ಹುಡುಗಿಯರ ಕೈಗೆ ಕೊಟ್ಟು ನೋಡಿದೆ. ಪಾಠ ಸರಿಯಾಗಿ ನಡೆಯಿತು. ಆದರೆ ಹಿಂದಿನ ಸಾಲಿನವರು ಕಿಸಿಕಿಸಿ. ಯಾಕೆ ಅಂದರೆ ಬಾಯಿ ಬಿಡುವುದಿಲ್ಲ, ಒಬ್ಬರನ್ನೊಬ್ಬರು ಚಿವುಟುತ್ತಾರೆ. ಹೊರಗೆ ನಿಲ್ಲಿಸಿದೆ. ಹಲ್ಲು ಕಿಸಿಯಲು ಇವರಿಗೆ ಕಾರಣವೇ ಬೇಡ.

ಜುಲೈ 23, ಬುಧವಾರ, ಸಂಜೆ

ಎಲ್ಲ ರೆಡಿ. ಪಾಠ ಅಧ್ಯಕ್ಷರಿಗೇ ಅಂತ ಮಾಡಿದ್ದು — ಭತ್ತದ ಮೂಟೆ ಎಷ್ಟು, ಅಕ್ಕಿ ಎಷ್ಟು, ಪುಟ್ಟ ಪ್ರೋಗ್ರಾಂ. ತಾವೇ ಟೈಪ್ ಮಾಡಿದೆ ಅಂತ ಊರೆಲ್ಲ ಹೇಳಿಕೊಂಡು ತಿರುಗಲಿ. ದೊಡ್ಡವರು ಇಷ್ಟಕ್ಕೇ ಕರಗುತ್ತಾರೆ.

ಅಮ್ಮ ಹಸಿರು ಇಳಕಲ್ ಸೀರೆ ತೆಗೆದಿಟ್ಟಿದ್ದಾಳೆ. ಬೇಡ ಅಂದರೂ ರಾಯರ ಮಂತ್ರಾಕ್ಷತೆ ಪರ್ಸಿನಲ್ಲಿ. ಭಯ ಇದೆ. ಈ ಕೆಲಸ ನನಗೆ ಬೇಕು. ಬೇಕೇ ಬೇಕು.

ಜುಲೈ 24, ಗುರುವಾರ, ಮಧ್ಯಾಹ್ನ 3

ಕುರುಗೋಡಿನಿಂದ ವಾಪಸ್ ಬಸ್ಸಿನಲ್ಲಿ. ಅಕ್ಷರ ಕುಣಿಯುತ್ತಿವೆ. ಮನೆಗೆ ಹೋಗಿ ಬರೆಯುತ್ತೇನೆ.

ಅದೇ ದಿನ, ಸಂಜೆ 6

ದೊಡ್ಡಬಸಪ್ಪನವರು ಕಂಪ್ಯೂಟರ್ ಮುಂದೆ ಕೂತರು. ಹಿಂದೆ ಗೋಡೆಯ ಮೇಲೆ ದೊಡ್ಡ ಪರದೆ. ಊರ ಹಿರಿಯರು, ಹುಡುಗರು, ಎಲ್ಲರೂ ನೋಡುತ್ತಿದ್ದರು. ಪ್ರಿನ್ಸಿಪಾಲರೇ ಬಗ್ಗಿ ಅಧ್ಯಕ್ಷರ ಹೆಸರು ಟೈಪ್ ಮಾಡಿಕೊಟ್ಟರು, ನೈವೇದ್ಯ ಇಟ್ಟ ಹಾಗೆ. ಅಧ್ಯಕ್ಷರು ಒಂದೇ ಬೆರಳಿನಲ್ಲಿ ಮೊದಲ ಸಾಲು ಮುಗಿಸಿದರು. ಸೆಮಿಕೋಲನ್ ಬಿಟ್ಟರು. ಎಂಟರ್ ಒತ್ತಿದರು.

ಗೋಡೆಯಷ್ಟು ದೊಡ್ಡದಾಗಿ ಬಂತು: "ದೊಡ್ಡಬಸಪ್ಪ, ತಪ್ಪು ಮಾಡಿದ್ದೀರಿ. ಮತ್ತೊಮ್ಮೆ ಮೆಟ್ಟು ತೊಗೊಳ್ಳಿ."

ಆಗ ಕೇಳಿಸಿತು ನನಗೆ. ಆಗ! ಆ ಸಾಲನ್ನು ಎಷ್ಟು ಸಲ ಓದಿದ್ದೆನೋ. ಒಂದು ಸಲವೂ ಕೇಳಿಸಿರಲಿಲ್ಲ.

ಹಿಂದೆ ಯಾರೋ ನಕ್ಕು ಬಾಯಿ ಮುಚ್ಚಿಕೊಂಡರು. ಅಧ್ಯಕ್ಷರು ಎದ್ದು ನಿಂತು, ಯಾರು ಬರೆದದ್ದು ಅಂತ ಮೆಲ್ಲಗೆ ಕೇಳಿದರು. ಕೂಗಿದ್ದರೆ ವಾಸಿ ಇತ್ತು. ಪ್ರಿನ್ಸಿಪಾಲರು ಫ್ಯಾನ್ ನೋಡುತ್ತಿದ್ದರು; ನಮ್ಮಾಕಿ ಗಿಮ್ಮಾಕಿ ಎಲ್ಲ ಮರೆತಿತ್ತು. ನಾನು ಪರ್ಸಿನೊಳಗೆ ಮಂತ್ರಾಕ್ಷತೆ ತಡಕುತ್ತಿದ್ದೆ.

"ನಾ ಬರದೀನ್ರಿ ಯಜಮಾನ್ರ" ಅಂದರು ಗವಿಸಿದ್ದೇಶ್. "ಮೆಟ್ಟಿಲು ಅನ್ನಾಕ ಹೋಗಿ ತಪ್ಪೇತ್ರಿ."

ಅಧ್ಯಕ್ಷರು ಎಲ್ಲರೆದುರು ಅವರ ನೀರಿಳಿಸಿದರು. ಮನೆಯಲ್ಲಿ ಹಿರಿಯರು ಇಲ್ಲವೇ, ಅನ್ನ ತಿನ್ನುತ್ತೀಯೋ ಇಲ್ಲವೋ ಅಂತೆಲ್ಲ. ಇವರು ಕೈಮುಗಿದು ನಿಂತಿದ್ದರು. ಬೈಗುಳ ಮುಗಿದ ಮೇಲೆ ಕೂತು, ಮಾತುಗಳಿರುವ ಫೈಲ್ ತೆಗೆದು, ಮೆಟ್ಟು ಇದ್ದಲ್ಲೆಲ್ಲ ಹೆಜ್ಜೆ ಮಾಡಿದರು. ಯಾವ ಫೈಲ್ ಅಂತ ಗೊತ್ತಿತ್ತಲ್ಲ, ಅವತ್ತೇ ನೋಡಿದ್ದರು. ಇನ್ನೊಮ್ಮೆ ಕೂರಿ ಅಂತ ಅಧ್ಯಕ್ಷರ ಕಾಲು ಹಿಡಿಯುವುದೊಂದು ಬಾಕಿ.

ಕೂತರು. ಅಧ್ಯಕ್ಷರೇ ಪಾಠ ಮುಗಿಸಿದರು. ಮೂಟೆ ಲೆಕ್ಕ ಸರಿಯಾಗಿ ಬಂತು, ಮುಖ ಮಗುವಿನದಾಯಿತು. ತಮಗೆ ಹಾಕಿದ್ದ ಶಾಲು ತೆಗೆದು ಗವಿಸಿದ್ದೇಶ್ ಹೆಗಲಿಗೆ ಹಾಕಿದರು. ಭಾರಿ ಸಾಫ್ಟ್‌ವೇರ್ ಮಾಡಿದ್ದೀಯ ಅಂದರು. ನಾನೂ ಚಪ್ಪಾಳೆ ತಟ್ಟಿದೆ.

ಜುಲೈ 25, ಶುಕ್ರವಾರ

ಗವಿಸಿದ್ದೇಶ್‌ಗೆ ಕಳ್ಳ ಅಂತ ಬೈಯಲು ರಾತ್ರಿಯೆಲ್ಲ ಮಾತು ಜೋಡಿಸಿಕೊಂಡಿದ್ದೆ. ಬೆಳಿಗ್ಗೆ ಅವರೇ ನನ್ನ ಟೇಬಲ್ಲಿಗೆ ಬಂದರು. ಶಾಲನ್ನು ಪೇಪರಿನಲ್ಲಿ ಸುತ್ತಿ ತಂದಿದ್ದರು, ಇದು ನಿಮ್ಮದು ಅಂತ.

"ನನ್ನ ಯಾರೂ ತೆಗಿಯಾಂಗಿಲ್ಲ, ನಿಮ್ಮನ್ನ ಅಲ್ಲೇ ತೆಗೀತಿದ್ರು. ಅದಕ್ಕ ಎದ್ದೆ. ನೀವು ಹೂಂ ಅನ್ರಿ, ಹೋಗಿ ಖರೇ ಹೇಳ್ತೀನಿ. ಆದ್ರ ಸಾಫ್ಟ್‌ವೇರ್ ನಿಮ್ದು ಅಂದ್ರ ಆ ಮೆಟ್ಟಿನ ಮಾತೂ ನಿಮ್ದಾಗತೈತಿ ಮೇಡಂ."

ಯೋಚಿಸಿ ಹೇಳುತ್ತೇನೆ ಅಂದೆ. ಶಾಲು ತೆಗೆದುಕೊಳ್ಳಲಿಲ್ಲ. ಈ ಮನುಷ್ಯ ಕಳ್ಳನಾಗಿದ್ದರೆ ಎಷ್ಟು ಚೆನ್ನಾಗಿತ್ತು. ಥೂ.

ಆಗಸ್ಟ್ 2, ಶನಿವಾರ, ಸಂಜೆ

ಹೂಂ ಅನ್ನಲಿಲ್ಲ. ಊಹೂಂ ಅನ್ನಲೂ ಇಲ್ಲ. ಅವರು ದಿನಾ ನನ್ನ ಮುಖ ನೋಡುತ್ತಿದ್ದರು, ನಾನು ಕೀಬೋರ್ಡ್ ನೋಡುತ್ತಿದ್ದೆ.

ಇವತ್ತು ಅಧ್ಯಕ್ಷರು ಸಿರುಗುಪ್ಪಕ್ಕೆ ಕರೆಸಿದ್ದರು. ಮಿಲ್ಲಿನ ಆಫೀಸು, ಎಲ್ಲದರ ಮೇಲೂ ತೌಡು. ಗವಿಸಿದ್ದೇಶ್ ಆಗಲೇ ಬಂದು ಕೂತಿದ್ದರು. ದೊಡ್ಡಬಸಪ್ಪನವರ ಮುಂದೆ ಆರ್ಡರ್ ಇತ್ತು, ನನ್ನ ಹೆಸರು ತಲೆಕೆಳಗಾಗಿ ಓದಿಕೊಂಡೆ. ಪರ್ಮನೆಂಟ್. ಸಹಿ ಮಾತ್ರ ಆಗಿರಲಿಲ್ಲ.

"ಇವ್ರ ಸಾಫ್ಟ್‌ವೇರ್ ಮೂರೂ ಕಾಲೇಜಿನಾಗ ನೀನ ನಡಸಬೇಕಮ್ಮ. ನಿನಗ ಬರತೈತೇನು ಅದು?"

ಗವಿಸಿದ್ದೇಶ್ ನನ್ನ ಕಡೆ ನೋಡಿದರು. ಬಾಯಿ ತೆರೆದೇ ಇದ್ದರು, ಹೇಳಲು ತಯಾರಾಗಿ. ನಾನು ಸ್ವಲ್ಪ ತಲೆ ಆಡಿಸಿದ್ದರೆ ಸಾಕಿತ್ತು.

"ಇಲ್ಲ ಸರ್. ಇವರ ಹತ್ರ ಕಲ್ಕೋತೀನಿ" ಅಂದೆ.

ಅವರು ಬಾಯಿ ಮುಚ್ಚಿದರು. ಅಧ್ಯಕ್ಷರು ಸಹಿ ಹಾಕಿದರು. ಬೋರ್ಡ್ ನೋಡಿ ಇಳಿಸುವ ಹುಡುಗರು, ಫ್ಯಾನ್ ನೋಡಿದ ಪ್ರಿನ್ಸಿಪಾಲರು, ಎಲ್ಲರನ್ನೂ ಇದೇ ಪುಟಗಳಲ್ಲಿ ಎಷ್ಟು ಬೈದಿದ್ದೇನೆ. ಇವತ್ತಿನದಕ್ಕೆ ಬೈಗುಳ ಹೊಳೆಯುತ್ತಿಲ್ಲ.

ಅಮ್ಮ ಪೇಡೆ ಡಬ್ಬಿ ಹಿಡಿದು ಬೀದಿಯಲ್ಲಿ ನಿಂತಿದ್ದಾಳೆ. ಕಿಟಕಿಯಿಂದ ಎಲ್ಲ ಕೇಳಿಸುತ್ತಿದೆ. "ನಮ್ಮ ಶ್ರೀಕೃತಿನೇ ಮಾಡ್ಯಾಳ್ರಿ ಅದನ್ನ. ಒಬ್ಬಾಕಿನೇ, ಬ್ಯಾಸಗಿ ತುಂಬ ಕೂತು." ಹೋದವರಿಗೆ ಬಂದವರಿಗೆ ಎಲ್ಲ ಅದೇ ಹೇಳುತ್ತಿದ್ದಾಳೆ. ಹಾಗೆ ಹೇಳಬೇಡ ಅಂತ ಈಗಲೇ ಎದ್ದು ಹೋಗಿ ಅವಳಿಗೆ—