ಅಪ್ಪನ ಎಂಜಿನ್ ಓಡಿತು

ಪ್ರೀತಿಯ ಅಣ್ಣನಿಗೆ,

ಅಪ್ಪನ ಹಳೆಯ ಬೈಕಿನ ಎಂಜಿನ್ ಕೊನೆಗೂ ಓಡಿತು. ಮರೆವು ಹೆಚ್ಚಾದ ಮೇಲೆ ಅವರಿಗೆ ಅದೊಂದೇ ಜಪ. ಅದು ಸ್ಟಾರ್ಟ್ ಆಗುವವರೆಗೆ ಊಟಕ್ಕೆ ಏಳುವುದಿಲ್ಲ ಎಂದು ಹಟ. ಬೈಕಿನ ಚಾಸಿಸ್ ತುಕ್ಕು ಹಿಡಿದು ಹೋಗಿದೆಯಲ್ಲ, ಹಾಗಾಗಿ ನಿನ್ನ ಕಬ್ಬಿಣದ ಮಂಚ ಕತ್ತರಿಸಿ, ವೆಲ್ಡಿಂಗ್ ಮಾಡಿಸಿ, ಎಂಜಿನ್ ಕೂರಿಸಲು ಸ್ಟ್ಯಾಂಡ್ ಮಾಡಿದೆ. ಬೈದುಕೊಳ್ಳಬೇಡ, ನೀನು ಅದರಲ್ಲಿ ಮಲಗಿ ನಾಲ್ಕು ವರ್ಷವಾಯಿತು. ಸ್ಟ್ಯಾಂಡಿನ ಕಾಲುಗಳಡಿ ಟಯರಿನ ತುಂಡು, ಪೆಟ್ರೋಲಿಗೆ ಆಸ್ಪತ್ರೆಯ ಗ್ಲೂಕೋಸ್ ಬಾಟಲಿ, ತಂಪಿಗೆ ಅಡುಗೆಮನೆಯ ಫ್ಯಾನು.

ಭಾನುವಾರ ಒಂಬತ್ತನೇ ಕಿಕ್ಕಿಗೆ ಗುಡುಗಿತು. ಅಪ್ಪ ಸ್ಟ್ಯಾಂಡಿನ ಮೇಲೆ ಅಂಗೈ ಇಟ್ಟು ಕಣ್ಣು ಮುಚ್ಚಿದರು. "ಟೈಮಿಂಗ್ ಸ್ವಲ್ಪ ಲೇಟಾಗಿದೆ ಕಣಮ್ಮ, ಸರಿ ಮಾಡ್ಕೋ" ಅಂದರು. ನೋಡಿದರೆ ನಿಜವೇ, ಪ್ಲಗ್ಗಿನ ಕಿಡಿ ತುಸು ತಡವಾಗಿ ಹಾರುತ್ತಿತ್ತು. ಅಂದು ಎರಡು ಸಲ ಬಡಿಸಿಕೊಂಡು ಉಂಡರು. ನಾನು ಬಚ್ಚಲಿಗೆ ಹೋಗಿ ಅತ್ತೆ.

ಸೋಮವಾರ ಎದ್ದವರೇ, "ಎಂಜಿನ್ ಸ್ಟಾರ್ಟ್ ಆಯ್ತೇನಮ್ಮ?" ಎಂದು ಕೇಳಿದರು.

"ನಿನ್ನೆನೇ ಆಯ್ತಲ್ಲಪ್ಪ."

"ಸುಳ್ಳು ಹೇಳ್ಬೇಡ" ಎಂದು ತಟ್ಟೆ ತಳ್ಳಿದರು.

ಈಗ ದಿನಾ ಊಟಕ್ಕೆ ಮುಂಚೆ ಹತ್ತು ನಿಮಿಷ ಓಡಿಸುತ್ತೇನೆ. ದಿನಾ ಅವರಿಗೆ ಅದು ಮೊದಲ ಸಲ. ಪಕ್ಕದ ಮನೆಯವರನ್ನು ಹೇಗೋ ಒಪ್ಪಿಸಿದ್ದೇನೆ, ನನ್ನ ಮೊಣಕಾಲನ್ನು ಒಪ್ಪಿಸಲು ಆಗುತ್ತಿಲ್ಲ.

ಅದಕ್ಕೇ ಬರೆದೆ. ತಿಂಗಳಲ್ಲಿ ಒಂದು ವಾರ ನೀನು ಬಂದಿರು. ಅಪ್ಪನ ಜೊತೆ ಮಾತಾಡಲು ಏನೂ ಉಳಿದಿಲ್ಲ ಎನ್ನುತ್ತಿದ್ದೆಯಲ್ಲ, ಮಾತಾಡಬೇಕಾಗಿಲ್ಲ. ಕಿಕ್ ಹೊಡೆದರೆ ಸಾಕು. ಬರುವಾಗ ಗಟ್ಟಿ ಬೂಟು ಹಾಕಿಕೊಂಡು ಬಾ, ಅದು ತಿರುಗಿ ಒದೆಯುತ್ತದೆ.

ಕಾಯುತ್ತಿರುವ,
ನಿನ್ನ ತಂಗಿ