ನೀನು ಕಳಿಸದೆ ಇಟ್ಟುಕೊಂಡ ಅರ್ಜಿ

ಶಂಕರ ಮಾಮಾ,

ನಿನ್ನನ್ನು ಏನೆಂದು ಕರೆದು ಶುರು ಮಾಡಲಿ ಎಂದು ಮೂರು ದಿನ ಯೋಚಿಸಿದೆ. ‘ಪ್ರೀತಿಯ’ ಎಂದು ಬರೆದು ಹೊಡೆದು ಹಾಕಿದೆ. ‘ಪೂಜ್ಯ’ ಎನ್ನಲು ಕೈ ಏಳಲಿಲ್ಲ. ಕೊನೆಗೆ ಬರೀ ಮಾಮಾ ಎಂದು ಉಳಿಯಿತು. ಅದನ್ನು ಹೊಡೆದು ಹಾಕಲು ಬರುವುದಿಲ್ಲವಲ್ಲ, ನೀನು ನನ್ನ ಅವ್ವನ ಬೆನ್ನಿಗೆ ಬಿದ್ದ ತಮ್ಮ.

ಬಬಲೇಶ್ವರದ ನಿಮ್ಮ ಪಡಸಾಲೆಯಲ್ಲಿ ನನಗೆ ವಿಮಾನ ನಿಲ್ದಾಣದ ಕೌಂಟರಿನ ಕೆಲಸ ಕಲಿಸಿದ ದಿನ ನಿನಗೆ ನೆನಪಿದೆಯಾ? ಮುಂಬೈಯಲ್ಲಿ ನನಗೆ ಸಂದರ್ಶನವಿತ್ತು. ಸರ್ಕಾರದ ದೊಡ್ಡ ವಿಮಾನ ಸಂಸ್ಥೆ. ನೀನು ಅಲ್ಲಿಯ ಸಿಬ್ಬಂದಿ ವಿಭಾಗದ ಅಧಿಕಾರಿ. ತಿಕೋಟಾದಲ್ಲಿ ಮಾಸ್ತರಿಕೆ ಮಾಡುತ್ತಿದ್ದ ನನ್ನ ಅಪ್ಪನಿಗೆ ಸೋಲಾಪುರದ ಆಚೆ ಒಬ್ಬರೂ ಪರಿಚಯವಿರಲಿಲ್ಲ. ನೀನು ಟೇಬಲ್ ಹಾಕಿ ನನ್ನನ್ನು ಕೂರಿಸಿದೆ, ಮನೆಮಂದಿಯನ್ನೆಲ್ಲ ಸಾಲಾಗಿ ನಿಲ್ಲಿಸಿದೆ. ನಿನ್ನ ಹೆಂಡತಿ ಕಮಲತ್ತೆ ಮಜ್ಜಿಗೆ ಗಡಿಗೆ ಹಿಡಿದು ಪ್ರಯಾಣಿಕಳಾಗಿ ಬಂದಳು. ಇದನ್ನು ಒಳಗೆ ಒಯ್ಯುವಂತಿಲ್ಲ ಎಂದು ನಾನು ಇಂಗ್ಲಿಷಿನಲ್ಲಿ ತಡವರಿಸಿದೆ. “ಹಂಗಾರ ಇಲ್ಲೇ ಕುಡದು ಹೋಗತೇನಿ ಬಿಡಬೇ” ಎಂದು ಅತ್ತೆ ಗಡಿಗೆ ಎತ್ತಿದಳು. ನೀನು ನಕ್ಕು ನಕ್ಕು ಕಣ್ಣು ಒರೆಸಿಕೊಂಡೆ. ನನಗೆ ಆ ನೌಕರಿ ಸಿಕ್ಕಿತು. ಅದು ನಿನ್ನಿಂದಲೇ ಸಿಕ್ಕಿದ್ದು. ಅದನ್ನು ಈಗಲೂ ಅಲ್ಲಗಳೆಯುವುದಿಲ್ಲ.

ದೊಡ್ಡ ಸಂಸ್ಥೆಯ ಮಡಿಲಿಂದ ಅಗ್ಗದ ಟಿಕೆಟ್ಟಿನ ಸಣ್ಣ ಸಂಸ್ಥೆಯೊಂದು ಹುಟ್ಟಿದಾಗ ನೀನು ನನ್ನನ್ನು ಕರೆದುಕೊಂಡು ಹೋಗಿ ಅದರ ಮೊದಲ ವಿಮಾನ ತೋರಿಸಿದೆ. ನಮ್ಮದೇ ಹಳೆಯ ವಿಮಾನ. ಬಾಲಕ್ಕೆ ಮಾತ್ರ ಕಿತ್ತಳೆ ಬಣ್ಣ ಬಳಿದಿದ್ದರು, ಬಾಗಿಲ ಹತ್ತಿರ ಹಳೆಯ ಬಣ್ಣ ಇನ್ನೂ ಇಣುಕುತ್ತಿತ್ತು. ಒಳಗೆ ಊಟವಿಲ್ಲ, ನೀರು ಬೇಕೆಂದರೂ ಕೊಂಡು ಕುಡಿಯಬೇಕು. “ಮಗಳನ್ನ ಬ್ಯಾರೆ ಮನಿ ಮಾಡಿ ಇಟ್ಟಂಗ ಐತಿ ನೋಡು. ಹೆಸರು ಬ್ಯಾರೆ, ರಕ್ತ ಒಂದ. ಹೈದರಾಬಾದಿಗೆ ಮಂದಿ ಬೇಕಾಗ್ಯಾರ. ನಿಮ್ಮಪ್ಪಗೂ ಹಿಂಗಾಗೇತಿ, ನೀ ಹತ್ತಿರ ಇದ್ದಂಗ ಆಗತೈತಿ” ಎಂದೆ. ಅಪ್ಪನಿಗೆ ಆಗಷ್ಟೇ ಲಕ್ವ ಹೊಡೆದು ಬಲಗೈ ಬಿದ್ದುಹೋಗಿತ್ತು. ಹೈದರಾಬಾದಿನಿಂದಾದರೆ ಬಸ್ಸು ಹತ್ತಿದರೆ ವಿಜಯಪುರ. ನಾನು ಯಾಕೆ ಬೇಡವೆನ್ನಲಿ?

ಎರಡು ಅರ್ಜಿ ತಂದಿದ್ದೆ ನೀನು. ಮೊದಲನೆಯದನ್ನು ನಿನ್ನ ಎದುರಿಗೇ ಪೂರ್ತಿ ಓದಿದೆ. ಎರವಲು ಸೇವೆಯ ಮೇಲೆ ಹೋಗುತ್ತೇನೆ, ಮೂರು ವರ್ಷದ ನಂತರ ಮೂಲ ಸಂಸ್ಥೆಯ ನನ್ನ ಹುದ್ದೆಗೆ ಮರಳುವ ಹಕ್ಕಿದೆ ಎಂದು ಅದರಲ್ಲಿತ್ತು. ಸಹಿ ಮಾಡಿದೆ. ಎರಡನೆಯದನ್ನು ಮರುದಿನ ಕೌಂಟರಿಗೇ ತಂದೆ. ದುಬೈ ವಿಮಾನದ ಹೊತ್ತು, ನನ್ನ ಮುಂದೆ ಮೈಲುದ್ದದ ಸಾಲು. ನೀನು ಹಾಳೆ ಮಡಚಿ, ಸಹಿಯ ಜಾಗವಷ್ಟೇ ಕಾಣುವಂತೆ ಹಿಡಿದೆ. “ನಿನ್ನಿನ ಅರ್ಜೀದ ಇನ್ನೊಂದು ಪ್ರತಿ. ಲಗೂನ ಮಾಡು, ಮಂದಿ ನಿಂತಾರ” ಎಂದೆ. ನಾನು ಮಾಡಿದೆ. ಆ ಮಡಿಕೆಯೊಳಗೆ ನನ್ನ ರಾಜೀನಾಮೆ ಇತ್ತು ಮಾಮಾ. ರಾಜೀನಾಮೆ ಕೊಟ್ಟು ಸಣ್ಣ ಸಂಸ್ಥೆಗೆ ಹೊಸದಾಗಿ, ಗುತ್ತಿಗೆಯ ಮೇಲೆ ಸೇರುತ್ತೇನೆ ಎಂದು…

ಹೈದರಾಬಾದಿನ ಕೌಂಟರಿನಲ್ಲಿ ಹತ್ತು ಜನರ ಕೆಲಸವನ್ನು ಮೂವರು ಮಾಡುತ್ತಿದ್ದೆವು. ಸಾರವಾಡದ ಮುದುಕನೊಬ್ಬ ಮಗಳ ಬಾಣಂತನಕ್ಕೆ ಮಸ್ಕತ್ತಿಗೆ ಹೊರಟಿದ್ದ. ತೂಕ ಹೆಚ್ಚಾಗಿತ್ತೆಂದು ಅವನ ಗಂಟು ಬಿಚ್ಚಿಸಿದೆ. ಕಟಕ್ ರೊಟ್ಟಿ, ಶೇಂಗಾ ಚಟ್ನಿ, ಅಳ್ಳಿಟ್ಟು. “ನಮ್ಮ ಕಡೇ ಹುಡುಗಿ ಇದ್ದಂಗ ಅದಿ, ಇಷ್ಟ ಬಿಡವಾ” ಎಂದ. ಬಿಡಲು ಆಗಲಿಲ್ಲ. ಅವನು ರೊಟ್ಟಿಯ ಕಟ್ಟನ್ನು ನನ್ನ ಟೇಬಲ್ಲಿನ ಮೇಲಿಟ್ಟು, “ಹಂಗಾರ ನೀನ ತಿನ್ನು, ಚೆಲ್ಲಬ್ಯಾಡ” ಎಂದು ಹೋದ. ಅವತ್ತು ಲೆಕ್ಕ ಹಾಕಿಕೊಂಡೆ, ಮರಳಲು ಇನ್ನು ಹದಿನಾಲ್ಕು ತಿಂಗಳು. ಮೂರು ವರ್ಷವೂ ನಾನು ಹಾಗೆಯೇ ಕಳೆದದ್ದು. ನೀನು ಫೋನಿನಲ್ಲಿ “ಎಷ್ಟ್ ಉಳದಾವು?” ಎಂದು ಕೇಳುತ್ತಿದ್ದೆ. ಹೇಗೆ ಕೇಳುತ್ತಿದ್ದೆ ಮಾಮಾ? ಯಾವ ಬಾಯಿಂದ?

ಮೂರು ವರ್ಷ ಮುಗಿದು ಮರಳುತ್ತೇನೆಂದು ಬರೆದಾಗ ನನ್ನ ರಾಜೀನಾಮೆಯ ನಕಲೇ ಉತ್ತರವಾಗಿ ಬಂತು. ಅದನ್ನು ಹಿಡಿದು ನೇರ ನಿನ್ನ ಆಫೀಸಿಗೆ ಬಂದೆ. ನೀನು ಚಷ್ಮಾ ತೆಗೆದಿಟ್ಟೆ. “ಆವಾಗ ಎಲ್ಲಾರ ಕಡಿಂದೂ ಎರಡೆರಡು ಅರ್ಜಿ ತಗೊಂಡಿದ್ವಿ. ಎರಡೂ ಮ್ಯಾಲ ಕಳಿಸಿದೆ. ಅವರು ಇದನ್ನ ಹಿಡದಾರ. ನಾ ಏನ್ ಮಾಡ್ಲಿ?” ಎಂದೆ. ನಮ್ಮ ಸಂಸ್ಥೆಯಲ್ಲೇ ಇದ್ದ ನಿನ್ನ ಮಗ ಪ್ರಕಾಶ, ನನ್ನ ಜೊತೆಗೇ ಸಣ್ಣ ಸಂಸ್ಥೆಗೆ ಹೋದವನು, ಮರಳಿ ಬಂದನಲ್ಲ ಎಂದು ಕೇಳಿದೆ. “ಅವಂದು ಸಾಮಾನು ವಿಭಾಗ. ಅದಕ್ಕ ಬ್ಯಾರೆ ನಿಯಮ” ಎಂದೆ. ನಾನು ನಂಬಿದೆ. ಪ್ರತಿ ಎಂದು ಯಾಕೆ ಹೇಳಿದೆ ಎಂದು ಕೇಳುವುದು ಬಾಯಿಗೆ ಬಂದಿತ್ತು. ನೀನು ಚಹಾ ತರಿಸಿದೆ. ಸಕ್ಕರೆ ಹಾಕಿದ ಕಪ್ಪಿಗೇ ಮತ್ತೆ ಸಕ್ಕರೆ ಹಾಕಿದೆ. ನನ್ನ ಸಲುವಾಗಿ ಮರುಗುತ್ತಿದ್ದೀಯ ಎಂದುಕೊಂಡು ನಾನೇ ನಿನಗೆ ಸಮಾಧಾನ ಹೇಳಿ ಬಂದೆ.

ಗುತ್ತಿಗೆಯ ಮೇಲೆಯೇ ವರ್ಷಗಟ್ಟಲೆ ದುಡಿದು, ಕೊನೆಗೆ ಆ ಕೆಲಸವೂ ಹೋದ ಮೇಲೆ ವಿಜಯಪುರದ ಮನೆಗೆ ಬಂದು ಸೇರಿದ ವಾರ ನೀನು ನೋಡಲು ಬಂದಿದ್ದೆ. ದೊಡ್ಡ ಸಂಸ್ಥೆ ಖಾಸಗಿಯವರ ಪಾಲಾಗಿತ್ತು. ಕಾಯಂ ನೌಕರರನ್ನು ಉಳಿಸಿಕೊಂಡರು; ಸಣ್ಣದರ ಗುತ್ತಿಗೆಯವರಾದ ನಮ್ಮನ್ನು ಮನೆಗೆ ಕಳಿಸಿದರು. ಅವ್ವ ನಿನ್ನ ಮುಂದೆಯೇ ನನ್ನ ಮೇಲೆ ಹರಿಹಾಯ್ದಳು. “ನನ್ನ ತಮ್ಮ ಬಂಗಾರದಂಥಾ ನೌಕರಿ ಕೊಡಿಸಿದ. ಅದನ್ನ ಬಿಡಬ್ಯಾಡ ಅಂತ ಬಡಕೊಂಡನಂತ. ಹೈದರಾಬಾದಿನ ಹುಚ್ಚು ಹಿಡದು ನೀನ ರಾಜೀನಾಮೆ ಬರಕೊಟ್ಟಿ!” ನಾನು ನಿನ್ನ ಮುಖ ನೋಡಿದೆ. ನೀನು ಬಸಿಯಲ್ಲಿ ಚಹಾ ಸುರುವಿಕೊಂಡು ಊದುತ್ತಿದ್ದೆ. ಒಂದು ಮಾತು, ಹಾಗಲ್ಲಕ್ಕಾ ಎಂಬ ಒಂದೇ ಒಂದು ಮಾತು… ನೀನು ಚಹಾ ಮುಗಿಸಿ, “ಹೋಗ್ಲಿ ಬಿಡಕ್ಕ, ಸಣ್ಣಾಕಿ, ತಿಳೀಲಿಲ್ಲ” ಎಂದೆ. ಆಗ ನನಗೆ ನಲವತ್ತು ದಾಟಿತ್ತು.

ಆಮೇಲಿನ ವರ್ಷಗಳಲ್ಲಿ ಅವ್ವ ಅದನ್ನು ಎಷ್ಟು ಸಲ ಆಡಿದ್ದಾಳೋ. ತೊರವಿಯ ಕಡೆಯ ಕಾಲೇಜೊಂದರಲ್ಲಿ ಪ್ರವೇಶದ ಅರ್ಜಿ ತೆಗೆದುಕೊಳ್ಳುವ ಕೆಲಸಕ್ಕೆ ನಾನು ಡಬ್ಬಿ ಕಟ್ಟಿಕೊಂಡು ಹೊರಟಾಗಲೆಲ್ಲ, “ವಿಮಾನ ಬಿಟ್ಟು ಟಮ್‌ಟಮ್ ಹತ್ತಿದಾಕಿ” ಎನ್ನುತ್ತಿದ್ದಳು. ಅಪ್ಪ ತೀರಿಕೊಂಡಾಗಲೂ ಅವಳಿಗೆ ಅದೇ ಕೊರಗು. ನಾನು ತಲೆ ತಗ್ಗಿಸುತ್ತಿದ್ದೆ. ಓದದೆ ಸಹಿ ಮಾಡಿದವಳು ನಾನೇ ತಾನೇ? ನಿನ್ನ ಮೇಲೆ ಅನುಮಾನ ಬಂದರೆ ನನ್ನನ್ನೇ ಬೈದುಕೊಳ್ಳುತ್ತಿದ್ದೆ.

ನಿನ್ನ ಮಣ್ಣಾಗಿ ಎರಡು ತಿಂಗಳಿಗೆ ಕಮಲತ್ತೆ ನನ್ನನ್ನು ಬಬಲೇಶ್ವರಕ್ಕೆ ಕರೆಸಿದಳು. “ಪಿಂಚಣಿ ಕಾಗದ ಹುಡಕಬೇಕು. ಎಲ್ಲಾ ಇಂಗ್ಲಿಷಿನ್ಯಾಗ ಅದಾವು, ನನಗೇನು ತಿಳೀತೈತಿ?” ಎಂದು ಕಪಾಟಿನ ಕೀಲಿ ಕೊಟ್ಟಳು. ಕೆಳಗಿನ ಖಾನೆಯಲ್ಲಿ ಹಸಿರು ಫೈಲು. ಅದರಲ್ಲಿ ನಾನು ಓದಿ ಸಹಿ ಮಾಡಿದ ಮೊದಲ ಅರ್ಜಿ. ನಕಲಲ್ಲ, ಅದೇ. ನನ್ನ ನೀಲಿ ಶಾಯಿ. ಮೇಲಿನವರ ಒಂದು ಮುದ್ರೆಯೂ ಅದರ ಮೇಲಿರಲಿಲ್ಲ. ಅದರ ಹಿಂದೆ ಒಂದು ಪಟ್ಟಿ: ಮುಂಬೈಯಿಂದ ಹೋಗುವ ನೆಲದ ಸಿಬ್ಬಂದಿಯಲ್ಲಿ ಮರಳುವ ಹಕ್ಕು ಉಳಿಸಿಕೊಳ್ಳುವವರು, ಕೌಂಟರು ಮತ್ತು ಸಾಮಾನು ವಿಭಾಗ ಕೂಡಿ ಹನ್ನೆರಡೇ ಜಾಗ. ಕೊನೆಯ ಸಾಲಿನಲ್ಲಿ ನನ್ನ ಹೆಸರು ಟೈಪಾಗಿತ್ತು. ಅದಕ್ಕೆ ಗೀಟು ಎಳೆದು ಮೇಲೆ ಪ್ರಕಾಶನ ಹೆಸರು ಬರೆದಿತ್ತು. ನಿನ್ನ ಅಕ್ಷರ ನನಗೆ ಗೊತ್ತಿಲ್ಲವೇ? ‘ಪ್ರಿಯ ಗೀತಾ’ ಎಂದು ನೀನು ಬರೆದ ಕಾಗದಗಳು ಇನ್ನೂ ನನ್ನ ಟ್ರಂಕಿನಲ್ಲಿವೆ.

ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ. ಯಾಕೆ ಇಟ್ಟುಕೊಂಡೆ ಮಾಮಾ? ಹರಿದು ಒಗೆದಿದ್ದರೆ ನನಗೆ ಯಾವತ್ತೂ ಗೊತ್ತಾಗುತ್ತಿರಲಿಲ್ಲ. ನಾನೇ ತೆಗೆದು ನೋಡಲಿ ಎಂದೇ ಇಟ್ಟೆಯಾ? ಇಲ್ಲ, ಸರ್ಕಾರಿ ಕಾಗದ ಹರಿಯಬಾರದು ಎನ್ನುವ ರೂಢಿಯೇ? ಮಗನ ಸಲುವಾಗಿ ಅಪ್ಪ ಮಾಡುವುದನ್ನು ನೀನು ಮಾಡಿದೆ. ಅಷ್ಟು ನನಗೆ ತಿಳಿಯುತ್ತದೆ. ಮೊದಲೇ ಹೇಳಿದ್ದರೆ ನಾನೇ ಬಿಟ್ಟುಕೊಡುತ್ತಿದ್ದೆ ಎಂದು ಸುಳ್ಳು ಹೇಳುವುದಿಲ್ಲ. ನಾನು ಜಗಳ ತೆಗೆಯುತ್ತಿದ್ದೆ. ಮುಂಬೈ ಬಿಟ್ಟು ಕದಲುತ್ತಿರಲಿಲ್ಲ. ಅದಕ್ಕೇ ಅಲ್ಲವೇ ನೀನು ಹೇಳದೆ ಇದ್ದದ್ದು? ಆದರೆ ನೌಕರಿ ಹೋದದ್ದಕ್ಕಿಂತ ಆ ಬಸಿಯ ಚಹಾ ನನ್ನನ್ನು ಸುಡುತ್ತದೆ. ನನ್ನ ಅವ್ವನ ಕಣ್ಣಿನಲ್ಲಿ ನನ್ನನ್ನು ಮೂರ್ಖಳನ್ನಾಗಿ ಮಾಡಿ, ಎದುರಿಗೆ ಕೂತು ಊದಿ ಕುಡಿದೆಯಲ್ಲ.

ಮುಂದಿನ ತಿಂಗಳು ಪ್ರಕಾಶ ಊರಿಗೆ ಬಂದಾಗ ಫೈಲನ್ನು ಅವನ ಕೈಗೆ ಕೊಟ್ಟೆ. ಹಿತ್ತಲಿನ ಕಲ್ಲಿನ ಮೇಲೆ ಕೂತು ಎರಡು ಸಲ ಓದಿದ. “ನಿನಗ ಗೊತ್ತಿತ್ತೇನು?” ಎಂದೆ. ಫೈಲು ಮುಚ್ಚಿ ನನ್ನ ಕೈಗೆ ಮರಳಿ ಕೊಟ್ಟ.

“ಪಟ್ಟಿ ನಾ ನೋಡಿದ್ದಿಲ್ಲ, ಗೀತಾ. ಆದರ ಅಪ್ಪ ಒಂದ್ಸಲ ಅಂದಿದ್ದ, ‘ನಿನ್ನ ಜಾಗಾ ಬ್ಯಾರೆಯವರದ್ದಿತ್ತು, ನೆಟ್ಟಗ ದುಡಿ’ ಅಂತ. ಯಾರದಂತ ನಾ ಕೇಳಲಿಲ್ಲ.”

“ಯಾಕ ಕೇಳಲಿಲ್ಲ?”

“ಕೇಳಿದ್ರ ಹೇಳಿಬಿಡತಿದ್ದ.”

ಆಮೇಲೆ ಅವನು ನನ್ನ ಕೈ ಹಿಡಿದು ಹೇಳಿದ್ದು ಒಂದೇ. “ನಿಮ್ಮವ್ವಗ ಮಾತ್ರ ಹೇಳಬ್ಯಾಡ. ತಮ್ಮನ ಮ್ಯಾಲ ಜೀವಾ ಇಟ್ಟಾಳ. ಈ ವಯಸ್ಸಿನ್ಯಾಗ ತಡಕೊಳ್ಳಂಗಿಲ್ಲ.” ನಾನು ಹೂಂ ಎಂದೆ. ನಿನ್ನ ಮಗ ನಿನ್ನ ಹಾಗೆಯೇ, ಬೇರೆಯವರ ಜೀವದ ಕಾಳಜಿಯಿಂದಲೇ ಬಾಯಿ ಮುಚ್ಚಿಸುತ್ತಾನೆ.

ಒಂಬತ್ತು ತಿಂಗಳು ಬಾಯಿ ಮುಚ್ಚಿಕೊಂಡೇ ಇದ್ದೆ. ಹೋದ ಭಾನುವಾರ ಅವ್ವ ಸೊಪ್ಪು ಸೋಸುತ್ತ, ನಿನ್ನ ವರ್ಷದ ಪೂಜೆಗೆ ಏನೇನು ಒಯ್ಯಬೇಕು ಎಂದು ಎಣಿಸುತ್ತಿದ್ದಳು. ಎಣಿಸುತ್ತಲೇ, “ಅವ ಹೇಳಿದ್ದು ಒಂದ್ ಮಾತು ನೀ ಕೇಳಿದ್ರ…” ಎಂದಳು. ನಾನು ಎದ್ದು ಹೋಗಿ ಫೈಲು ತಂದೆ. ಇಂಗ್ಲಿಷನ್ನು ಕನ್ನಡದಲ್ಲಿ ಹೇಳುತ್ತ, ಒಂದೊಂದೇ ಸಾಲು ಓದಿದೆ. ಹೊಡೆದ ಗೀಟನ್ನು ತೋರಿಸಿದೆ. ಅವ್ವ ಕನ್ನಡಕ ಹಾಕಿಕೊಂಡು ಅದರ ಮೇಲೆ ಬೆರಳಾಡಿಸಿದಳು. “ಇನ್ನೊಮ್ಮೆ ಓದು” ಎಂದಳು. ಓದಿದೆ. “ಅವತ್ತ ಇಲ್ಲೇ ಕುಂತಿದ್ನಲ್ಲ,” ಎಂದಳು. “ನಾ ನಿನ್ನ ಬಯ್ಯುವಾಗ.” ನಾನು ಹೂಂ ಎಂದೆ. ಅವಳು ಅಳಲಿಲ್ಲ. ಸೊಪ್ಪಿನ ತಟ್ಟೆ ಬದಿಗಿಟ್ಟು ನನ್ನ ತಲೆಯ ಮೇಲೆ ಕೈ ಇಟ್ಟಳು. ಎಷ್ಟು ವರ್ಷವಾಗಿತ್ತೋ ಅವಳು ಹಾಗೆ ಕೈ ಇಟ್ಟು.

ನಿನ್ನೆ ನಿನ್ನ ವರ್ಷದ ಪೂಜೆ ಆಯಿತು. ಅವ್ವ ಬರುವುದಿಲ್ಲ ಎಂದುಕೊಂಡಿದ್ದೆ. ನನಗಿಂತ ಮೊದಲೇ ಸೀರೆ ಉಟ್ಟು ನಿಂತಿದ್ದಳು. “ಕಮಲಾ ಏನ್ ತಪ್ಪು ಮಾಡ್ಯಾಳ?” ಎಂದಳು. ಬಬಲೇಶ್ವರದಲ್ಲಿ ಇಳಿದವಳು ಸೀದಾ ಅಡುಗೆಮನೆಗೆ ಹೋಗಿ ಕಮಲತ್ತೆಯ ಜೊತೆ ಹೋಳಿಗೆ ಬೇಯಿಸಿದಳು. ಪ್ರಕಾಶನಿಗೂ ತಾನೇ ಬಡಿಸಿದಳು. ಅವನು ತಟ್ಟೆಯಿಂದ ತಲೆ ಎತ್ತಲಿಲ್ಲ. ಬೀಗರು ನೆಂಟರು ಎಲ್ಲ ಒಬ್ಬೊಬ್ಬರಾಗಿ ನಿನ್ನ ಫೋಟೋಕ್ಕೆ ಹೂ ಏರಿಸಿದರು. ನಾನೂ ಏರಿಸಿದೆ. ಯಾಕೆಂದು ಕೇಳಬೇಡ, ನನಗೂ ಗೊತ್ತಿಲ್ಲ. ಕಮಲತ್ತೆ ಹೂವಿನ ಬುಟ್ಟಿ ಹಿಡಿದು ಅವ್ವನ ಮುಂದೆ ನಿಂತಳು. “ಏಳ್ರಿ ಅಕ್ಕಾರ. ನಿಮ್ಮ ಕೈಯಿಂದ ಹೂ ಬಿದ್ರ ಅವರ ಜೀವಕ್ಕ ಶಾಂತಿ.” ಪಡಸಾಲೆಯೆಲ್ಲ ನಿನ್ನ ಅಕ್ಕನನ್ನೇ ನೋಡುತ್ತಿತ್ತು, ಮಾಮಾ.

ಅವ್ವ ಏಳಲಿಲ್ಲ. “ನೀ ಏರಿಸವಾ ಕಮಲಾ,” ಎಂದಳು. “ನಾ ಇವತ್ತ ನನ್ನ ಮಗಳ ಕಡೆಯಾಕಿ.”